ಭಾನುವಾರ ಕ್ವಾರಿ ನಡೆಸದ ಯಜಮಾನರು

ಅವರಿಗೆ ಹಣವೆಂದರೆ ಬಹಳ ಇಷ್ಟವಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಅವರು ತೀರಿಕೊಂಡ ಮೇಲೆ ಅವರ ಮಾತೆತ್ತಿದವರೆಲ್ಲ, ಸಂಪತ್ತನ್ನು ಒದ್ದು ಹೋದ ಸಂತರೊಬ್ಬರ ಕಥೆಯನ್ನು ಹೇಳುವ ಹಾಗೆ ಹೇಳುತ್ತಾರೆ. ನಾನು ಕಂಡ ಮನುಷ್ಯ ಹಾಗಿರಲಿಲ್ಲ. ಜುಬ್ಬಕ್ಕೆ ಚಿನ್ನದ ಗುಂಡಿ ಮಾಡಿಸಿಕೊಂಡಿದ್ದರು. ಅದು ಎದುರಿಗೆ ಬಂದವರ ಕಣ್ಣಿಗೆ ಬೀಳದೆ ಹೋದರೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಹೊಸ ಜೀಪು ತಂದ ದಿನ ಅದನ್ನು ಮನೆ ಮುಂದೆ ನಿಲ್ಲಿಸಿ, ಸಂಜೆಯವರೆಗೂ ಜಗಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಊಟಕ್ಕೆ ಕರೆದರೂ ಎದ್ದಿರಲಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಪಾಂಡವಪುರದ ಹೈಸ್ಕೂಲಿಗೆ ಕನ್ನಡ ಟೀಚರಾಗಿ ವರ್ಗವಾಗಿ ಬಂದೆ. ಮದುವೆಯಾಗದ ಒಂಟಿ ಹೆಂಗಸಿಗೆ ಬಾಡಿಗೆ ಮನೆ ಕೊಡಲು ಊರಿನಲ್ಲಿ ಹಲವರು ಹಿಂದೆಮುಂದೆ ನೋಡಿದರು. ಅವರು ಮಾತ್ರ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ನೀರು ಜಾಸ್ತಿ ಸುರೀತೀರಾ?" ಎಂದು ಕೇಳಿದರು. ಇಲ್ಲ ಅಂದೆ. "ಅಂಗಾದ್ರೆ ಬಂದ್ಬುಡಿ" ಅಂದರು. ಅವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ನಾನು ನಾಲ್ಕೈದು ವರ್ಷ ಇದ್ದೆ.

ಅವರದು ಶ್ರೀರಂಗಪಟ್ಟಣದ ಕಡೆಯ ಹಳೆಯ ಕ್ರೈಸ್ತ ಮನೆತನ. ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದವರು. ಮಾತು, ಉಡುಗೆ, ಮುದ್ದೆ, ಬಸ್ಸಾರು ಎಲ್ಲವೂ ಸುತ್ತಲಿನ ಒಕ್ಕಲು ಮನೆಗಳಂತೆಯೇ. ಅಣ್ಣತಮ್ಮಂದಿರು ಜಾಸ್ತಿಯಾಗಿ ಗದ್ದೆ ತುಂಡಾದಾಗ ಇವರು ಪಾಂಡವಪುರದ ಕಡೆಯ ಕಲ್ಲುಕ್ವಾರಿಯೊಂದಕ್ಕೆ ಕೂಲಿಗೆ ಬಂದು ಸುತ್ತಿಗೆ ಹಿಡಿದರು. ನಾನು ನೋಡುವ ಹೊತ್ತಿಗೆ ಅವರದೇ ಕ್ವಾರಿ ಇತ್ತು, ಜಲ್ಲಿ ಮಾಡುವ ಕ್ರಷರ್ ಇತ್ತು, ಲಾರಿಗಳಿದ್ದವು. ಎಲ್ಲರೂ ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದರು. ಕೂಲಿಯ ದಿನಗಳಿಂದ ಅಂಟಿದ ಒಂದು ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ಕೂತಾಗ, ಎದ್ದಾಗ, ಏನಾದರೂ ಯೋಚಿಸುವಾಗ ಎರಡೂ ಅಂಗೈಗಳನ್ನು ತೊಡೆಗೆ ಉಜ್ಜಿಕೊಳ್ಳುತ್ತಿದ್ದರು, ಅಲ್ಲಿ ಇಲ್ಲದ ಧೂಳನ್ನು ಒರೆಸುವವರ ಹಾಗೆ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಅಕ್ಕನಿಗೆ ಒಬ್ಬ ತಮ್ಮ ಇದ್ದ, ಅಂತೋಣಿ. ತಾಯಿ ಅವನನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರಿಂದ ಅಕ್ಕನೇ ಅವನನ್ನು ಸೊಂಟದಲ್ಲಿ ಎತ್ತಿಕೊಂಡು ಬೆಳೆಸಿದ್ದರು. ಮದುವೆಯಾಗಿ ಬರುವಾಗಲೂ ಅವನನ್ನು ಕೈ ಹಿಡಿದುಕೊಂಡೇ ಬಂದಿದ್ದರು. ಈಗ ಅವನು ದೊಡ್ಡವನಾಗಿ ಭಾವನ ಕ್ವಾರಿಯನ್ನು ನೋಡಿಕೊಳ್ಳುತ್ತಿದ್ದ. ಚುರುಕು ಹುಡುಗ, ಭಾವನ ಮೇಲೆ ಪ್ರಾಣವಿಟ್ಟುಕೊಂಡವನು. ಅಕ್ಕ ಅವನಿಗೆ ಊಟ ಬಡಿಸುವಾಗ ನೋಡಬೇಕಿತ್ತು. ತಟ್ಟೆ ಖಾಲಿಯಾಗುವ ಮುಂಚೆಯೇ ಇನ್ನೊಂದು ಮುದ್ದೆ ಬೀಳುತ್ತಿತ್ತು.

ಯಜಮಾನರಿಗೆ ತಮ್ಮ ಹಣಕ್ಕಿಂತ ಹೆಚ್ಚು ಹೆಮ್ಮೆ ಇದ್ದದ್ದು ಒಂದೇ ವಿಷಯದಲ್ಲಿ. ಭಾನುವಾರ ಅವರ ಕ್ವಾರಿಯಲ್ಲಿ ಒಂದು ಕಲ್ಲೂ ಒಡೆಯುತ್ತಿರಲಿಲ್ಲ. "ಆರು ದಿನ ನಂದು, ಒಂದಿನ ದೇವ್ರದು" ಅನ್ನುತ್ತಿದ್ದರು. ಸುತ್ತಲಿನ ಕ್ರಷರುಗಳು ಗಡಗಡ ಎನ್ನುತ್ತಿರುವಾಗ ಇವರದು ಮಾತ್ರ ಸುಮ್ಮನೆ ನಿಂತಿರುತ್ತಿತ್ತು. ಅವರು ಮಲ್ಲಿಗೆ ಬಣ್ಣದ ಪಂಚೆಯುಟ್ಟು, ಅಕ್ಕನನ್ನು ಜೀಪಿನಲ್ಲಿ ಕೂರಿಸಿಕೊಂಡು ಹುಟ್ಟೂರಿನ ಚರ್ಚಿಗೆ ಪೂಜೆಗೆ ಹೋಗುತ್ತಿದ್ದರು. ತಾಲೂಕಿನಲ್ಲಿ ಈ ಸುದ್ದಿ ಗೊತ್ತಿಲ್ಲದವರು ಇರಲಿಲ್ಲ. ಗೊತ್ತಿಲ್ಲದವರಿಗೆ ಅವರೇ ಹೇಳುತ್ತಿದ್ದರು.

ಸಂಜೆ ನಾನು ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತರೆ ಎದುರಿಗೆ ಬಂದು ಕೂರುವರು. ಚರ್ಚಿನ ಪಾದ್ರಿ ಸ್ವಾಮಿಗಳು ಆ ವಾರದ ಪೂಜೆಯಲ್ಲಿ ಮಾಡಿದ ಪ್ರಸಂಗವನ್ನು, ಅಂದರೆ ಉಪದೇಶವನ್ನು, ಒಪ್ಪಿಸುವರು. ಶ್ರೀಮಂತ ಯುವಕನೊಬ್ಬ ಯೇಸುಸ್ವಾಮಿಯ ಹತ್ತಿರ ಬಂದು ನಿತ್ಯಜೀವಕ್ಕೆ ಏನು ಮಾಡಬೇಕೆಂದು ಕೇಳಿದ ಕಥೆ ಅವರನ್ನು ಬಿಟ್ಟೇ ಇರಲಿಲ್ಲ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಎಂಬ ಉತ್ತರ ಕೇಳಿ ಅವನು ಮುಖ ಬಾಡಿಸಿಕೊಂಡು ಹೋದನಂತೆ. ಇವರು ಒಮ್ಮೆ ಸ್ವಾಮಿಗಳನ್ನೇ ಅಡ್ಡ ಹಾಕಿ ಕೇಳಿದ್ದರು: "ಅಲ್ಲ ಸ್ವಾಮಿ, ನನ್ ಆಸ್ತಿಯೆಲ್ಲ ಮಾರ್ಬುಟ್ಟೆ ಅನ್ಕಳಿ. ಕೊಂಡ್ಕೊಂಡೋನು ಶ್ರೀಮಂತ ಆಯ್ತಾನಲ್ಲ, ಅವ್ನ ಗತಿ ಏನು? ನಾನು ಸ್ವರ್ಗಕ್ಕೋಗಕೆ ಅವ್ನ ನರಕಕ್ಕೆ ತಳ್ಳದು ನ್ಯಾಯಾನಾ?" ಸ್ವಾಮಿಗಳು ನಕ್ಕು, ಮೊದಲು ಮಾರು, ಕೊಂಡವನ ಯೋಚನೆ ನನಗೆ ಬಿಡು ಅಂದರಂತೆ. ಇದನ್ನು ಹೇಳಿ ಯಜಮಾನರು ಹೊಟ್ಟೆ ಕುಣಿಸಿ ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಮಾತ್ರ, "ಆ ಹುಡ್ಗ ಆಮೇಲೆ ಏನಾದ ಅಂತ ಯಾರೂ ಯೋಳಿಲ್ಲ ಕಣ್ ಟೀಚರಮ್ಮ" ಎನ್ನುತ್ತಿದ್ದರು.

ಆ ದುರಂತ ನಡೆದದ್ದು ಒಂದು ಭಾನುವಾರ.

ಅವರ ಕ್ವಾರಿಯಲ್ಲಿ ಮಾದೇಶ ಎಂಬ ಆಳಿದ್ದ. ಕೊಳ್ಳೇಗಾಲದ ಕಡೆಯವನು. ಹೆಂಡತಿ, ಎಳೆಯ ಮಗಳೊಂದಿಗೆ ಕ್ವಾರಿಯ ಪಕ್ಕದ ಶೆಡ್ಡಿನಲ್ಲಿ, ಉಳಿದ ಕೂಲಿಗಳ ನಡುವೆಯೇ ಬಿಡಾರ. ಬಂಡೆಗೆ ಕುಳಿ ಹೊಡೆದು ಸಿಡಿಮದ್ದು ತುಂಬುವುದು ಅವನ ಕೆಲಸ. ಆ ಭಾನುವಾರ ಬೆಳಿಗ್ಗೆ ಬತ್ತಿ ಹಚ್ಚಿದ ಕುಳಿಯೊಂದು ಸಿಡಿಯಲಿಲ್ಲವೆಂದು ಹತ್ತಿರ ಹೋಗಿ ಬಗ್ಗಿ ನೋಡಿದನಂತೆ. ಆಗ ಅದು ಸಿಡಿಯಿತು. ಯಜಮಾನರೂ ಅಕ್ಕನೂ ಪೂಜೆ ಮುಗಿಸಿ ಜೀಪು ಇಳಿಯುವ ಹೊತ್ತಿಗೆ ಪೊಲೀಸರು ಮನೆಯ ಮುಂದಿದ್ದರು. ಅಂತೋಣಿ ಆಗಲೇ ಎಲ್ಲ ಹೇಳಿ ಮುಗಿಸಿದ್ದ.

"ನಮ್ ಭಾವ ಭಾನುವಾರ ಕ್ವಾರಿ ನಡ್ಸಲ್ಲ ಅಂತ ಇಡೀ ತಾಲೂಕಿಗೇ ಗೊತ್ತು ಸಾರ್. ಯಾರೂ ಇಲ್ದ ಟೈಮ್ ನೋಡಿ ಇವ್ನು ಮದ್ದಿನ ರೂಮಿನ ಬೀಗ ಒಡ್ದವ್ನೆ. ಕದ್ದು ಕಲ್ಲು ಒಡ್ದು ಮಾರ್ಕೊಳಕೆ ಓಗಿ ಇಂಗಾಗೈತೆ."

ಇನ್ಸ್‌ಪೆಕ್ಟರು ಯಜಮಾನರ ಕಡೆ ತಿರುಗಿ, "ಹೌದೇನ್ರೀ?" ಅಂದರು. ನಾನು ಹಿತ್ತಲ ಬಾಗಿಲಿಂದ ಬಂದು ನಿಂತು ನೋಡುತ್ತಿದ್ದೆ. ಅವರು ಅಂಗೈಗಳನ್ನು ತೊಡೆಗೆ ಉಜ್ಜಿಕೊಂಡರು. ಬಾಯಿ ತೆರೆದರು, ಮಾತು ಬರಲಿಲ್ಲ. ಆಘಾತವಾಗಿದೆ ಪಾಪ, ಎಂದು ಇನ್ಸ್‌ಪೆಕ್ಟರೇ ಅವರನ್ನು ಕುರ್ಚಿಯ ಮೇಲೆ ಕೂರಿಸಿದರು. ಆ ಮಾತನ್ನು ನಾನೂ ನಂಬಿದೆ, ಊರೂ ನಂಬಿತು. ನಂಬದಿರಲು ಯಾರಿಗೂ ಕಾರಣವಿರಲಿಲ್ಲ.

ಎರಡು ದಿನ ಬಿಟ್ಟು ಮಾದೇಶನ ಹೆಂಡತಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಗೇಟಿನ ಹತ್ತಿರ ಬಂದು ನಿಂತಳು. ಶೆಡ್ಡಿನವರು ಅವಳನ್ನು ಕಳ್ಳನ ಹೆಂಡತಿ ಎಂದು ನೀರಿಗೂ ಸೇರಿಸುತ್ತಿರಲಿಲ್ಲವಂತೆ. "ನನ್ ಗಂಡ ಕದಿಯೋನಲ್ಲ. ಯಜಮಾನ್ರು ಒಂದ್ ಮಾತು ಯೋಳ್ಲಿ ಸಾಕು, ನಾ ಒಂಟೋಯ್ತೀನಿ" ಎಂದಳು. ಯಜಮಾನರು ಹೊರಗೆ ಬರಲಿಲ್ಲ. ಅಂತೋಣಿ ಅವಳ ಕೈಗೆ ನೋಟುಗಳನ್ನು ತುರುಕಿ, ಆಟೋ ಹತ್ತಿಸಿ ಬಸ್‌ಸ್ಟ್ಯಾಂಡಿಗೆ ಕಳಿಸಿದ. ಅಕ್ಕ ಒಳಗಿಂದ ಓಡಿಬಂದು ಮಗುವಿಗೆ ಬಾಳೆಹಣ್ಣಿನ ಚಿಪ್ಪು ಕೊಟ್ಟರು.

ಅಲ್ಲಿಂದ ಮುಂದೆ ಯಜಮಾನರು ಬೇರೆಯೇ ಮನುಷ್ಯರಾದರು. ಜಗಲಿಗೆ ಬರುವುದು ನಿಂತಿತು. ಹಗಲು ಹೊತ್ತಿನಲ್ಲಿ ಒಬ್ಬರೇ ತೊಣ್ಣೂರಿನ ಕೆರೆಯ ಕಡೆ ಹೋಗಿ, ಬಿಸಿಲಿಳಿದ ಮೇಲೆ ಚಪ್ಪಲಿ ತುಂಬ ಧೂಳು ಹೊತ್ತು ಬರುತ್ತಿದ್ದರು. ಪೂಜೆಗೆ ಹೋದರೂ ಸ್ವಾಮಿಗಳು ಕೊಡುವ ಪರಮಪ್ರಸಾದಕ್ಕೆ ಎದ್ದು ಹೋಗುತ್ತಿಲ್ಲವೆಂದು ಅಕ್ಕ ನನ್ನ ಹತ್ತಿರ ಕಣ್ಣೀರು ಹಾಕಿದರು. "ಆ ಸತ್ತೋನು ಇವ್ರ ಮನ್ಸಿಗೆ ಒಕ್ಬುಟ್ಟವ್ನೆ ಕಣವ್ವ. ನಮ್ದೇನ್ ತಪ್ಪೈತೆ ಅದ್ರಲ್ಲಿ?" ಎಂದರು. ಅವರಿಗೂ ಆಗ ಏನೂ ಗೊತ್ತಿರಲಿಲ್ಲ.

ಸುಮಾರು ಎರಡು ತಿಂಗಳಾದ ಮೇಲೆ, ಈಸ್ಟರ್ ಹಬ್ಬದ ಮುಂಚಿನ ತಪಸ್ಸು ಕಾಲದ ಒಂದು ಮಧ್ಯಾಹ್ನ, ಅವರು ನನ್ನೆದುರು ಬಂದು ಕೂತರು. ಜುಬ್ಬದ ಬದಲು ಹಳೆಯ ಶರ್ಟು. ಕೇಳದೆಯೇ ಹೇಳತೊಡಗಿದರು. ರಸ್ತೆ ಕಂಟ್ರಾಕ್ಟರನೊಬ್ಬ ಸೋಮವಾರ ಬೆಳಿಗ್ಗೆ ಜಲ್ಲಿ ಸಿಗದಿದ್ದರೆ ನಾಗಮಂಗಲದ ಕಡೆಯ ಕ್ರಷರಿಗೆ ಹೋಗುತ್ತೇನೆ ಅಂದಿದ್ದನಂತೆ. ಅಷ್ಟು ದೊಡ್ಡ ಗಿರಾಕಿಯನ್ನು ಬಿಟ್ಟುಕೊಡಲು ಇವರಿಗೆ ಮನಸ್ಸಾಗಲಿಲ್ಲ. ಭಾನುವಾರ ಬೆಳಿಗ್ಗೆ ಪೂಜೆಗೆ ಹೊರಡುವ ಮುಂಚೆ, ಶೆಡ್ಡಿನಲ್ಲಿ ಉಳಿದವರೆಲ್ಲ ಮಲಗಿರುವಾಗ, ಇವರೇ ಕ್ವಾರಿಗೆ ಹೋಗಿ ಮಾದೇಶನನ್ನು ಎಬ್ಬಿಸಿದ್ದರು.

"ಅವ್ನು ಬ್ಯಾಡ ಅಂದ ಟೀಚರಮ್ಮ. ಇವತ್ತು ಭಾನ್ವಾರ ಅಲ್ವಾ ಯಜಮಾನ್ರೇ ಅಂದ. ಒಂದೆಲ್ಡು ಕುಳಿ ಒಡ್ದ್ಬುಡ್ಲಾ, ಯಾರ್ಗೂ ಗೊತ್ತಾಗಕಿಲ್ಲ ಅಂದೆ ನಾನು. ಬೀಗ ತೆಗ್ದ್ಕೊಟ್ಟಿದ್ದೂ ನಾನೇ. ಮಾದೇಶ ಸತ್ತ ಮೇಲೆ, ನಾನ್ ಕಳ್ಸಿದ್ದು ಗೊತ್ತಿದ್ದ ಅಂತೋಣಿ ಅದೇ ಬೀಗ ಒಡ್ದವ್ನೆ, ನನ್ನುಳ್ಸಕೆ."

ನಾನು ಪೆನ್ನು ಕೆಳಗಿಟ್ಟೆ.

"ಸ್ವಾಮಿಗಳ ತಾವ ಪಾಪನಿವೇದನೆ ಮಾಡ್ದೆ. ದೇವ್ರು ಕ್ಷಮಿಸ್ತಾನೆ, ಆದ್ರೆ ಆ ಹೆಂಗಸ್ಗೆ ಕೊಡ್ಬೇಕಾದ್ದು ಕೊಡು ಅಂದ್ರು. ಏನ್ ಕೊಡ್ಬೇಕು ಸ್ವಾಮಿ ಅಂದೆ. ನಿಂಗೇ ಗೊತ್ತು ಅಂದ್ರು. ದುಡ್ಡು ಅಂದ್ಬುಟ್ಟಿದ್ರೆ ಎಷ್ಟು ಸಲೀಸಾಗಿರೋದು."

ಅವರು ಎದ್ದು ಒಳಗೆ ಹೋಗಿ ಅಕ್ಕನಿಗೂ ಹೇಳಿದರು. ನನಗೆ ಅಕ್ಕನ ಒಂದೇ ಮಾತು ಕೇಳಿಸಿತು. "ನನ್ ತಮ್ಮನ್ನ ಇಡ್ಕೊಡ್ತೀರಾ?" ಆಮೇಲೆ ಯಜಮಾನರು ಹೊರಗೆ ಬಂದರು. ಜೀಪನ್ನು ತೆಗೆಯಲಿಲ್ಲ, ಪೊಲೀಸ್ ಠಾಣೆಗೆ ನಡೆದೇ ಹೋದರು.

ಮುಂದಿನದು ಬೇಗ ಬೇಗ ನಡೆಯಿತು. ಇಬ್ಬರನ್ನೂ ಹಿಡಿದು ಒಳಗೆ ಹಾಕಿದರು. ಮದ್ದಿನ ಲೈಸೆನ್ಸು ಹೋಯಿತು, ಕ್ವಾರಿಗೆ ಬೀಗ ಬಿತ್ತು. ಅಂತೋಣಿಗೆ ಮದುವೆಗೆ ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಸಂಬಂಧ ಮುರಿದುಕೊಂಡರು. ಅವನು ಜಾಮೀನಿನ ಮೇಲೆ ಹೊರಬಂದವನು ಅಕ್ಕನ ಮನೆಯ ಹೊಸಿಲು ತುಳಿಯಲಿಲ್ಲ. ಒಳ್ಳೆಯ ವಕೀಲನನ್ನು ಹಿಡಿದು, ಕೊನೆಗೆ ಸಾಕ್ಷಿ ಸಾಲದೆಂದು ಬಿಡುಗಡೆಯಾದ. ಯಜಮಾನರು ವಕೀಲರ ಮಾತು ಕೇಳದೆ ತಪ್ಪು ಮಾಡಿದ್ದೇನೆ ಎಂದು ನ್ಯಾಯಾಧೀಶರ ಎದುರು ಕೈಮುಗಿದರು. ಅವರಿಗೆ ಕೆಲವು ತಿಂಗಳ ಶಿಕ್ಷೆಯಾಯಿತು. ಮಾದೇಶನ ಹೆಂಡತಿಗೆ ಪರಿಹಾರವೆಂದು ಕೋರ್ಟಿಗೆ ಕಟ್ಟಲು, ಕೂಲಿಗಳಿಗೆ ಬಾಕಿ ಕೊಡಲು, ಕ್ರಷರ್, ಲಾರಿ, ಜೀಪು, ಕೊನೆಗೆ ಮನೆಯೂ ಮಾರಾಟವಾಯಿತು. ಕೆಲಸ ಕಳೆದುಕೊಂಡ ಕೂಲಿಗಳು ಗಂಟುಮೂಟೆ ಹೊತ್ತು ಹೋಗುವಾಗ ಮನೆಯ ಮುಂದೆ ನಿಂತು ಶಾಪ ಹಾಕಿದರು. "ಸತ್ತೋನು ಸತ್ತ. ಇರೋರ ಹೊಟ್ಟೆ ಮೇಲೂ ಒಡ್ದ್ಬುಟ್ಟನಲ್ಲ" ಎಂದು ಒಬ್ಬಳು ಗಟ್ಟಿಯಾಗಿ ಅತ್ತದ್ದು ನೆನಪಿದೆ.

ಅಷ್ಟರಲ್ಲಿ ನನಗೆ ಕಿಕ್ಕೇರಿಯ ಹೈಸ್ಕೂಲಿಗೆ ವರ್ಗವಾಯಿತು. ಒಂದು ದಿನ ಶಾಲೆಯ ಹೊತ್ತಿನಲ್ಲಿ ಯಜಮಾನರು ಬಾಗಿಲ ಹತ್ತಿರ ಬಂದು ನಿಂತರು. ಶಿಕ್ಷೆ ಮುಗಿಸಿ ಬಂದಿದ್ದರು. ಮೈ ಇಳಿದಿತ್ತು, ಕೆಮ್ಮು ಬಂದರೆ ಗೋಡೆ ಹಿಡಿದು ನಿಲ್ಲಬೇಕಾಗಿತ್ತು. ಮಾದೇಶನ ಹೆಂಡತಿ ಅಲ್ಲೇ ಹತ್ತಿರದ ಆಲೆಮನೆಯೊಂದರಲ್ಲಿ ಕೆಲಸಕ್ಕಿದ್ದಾಳೆಂದು ಯಾರೋ ಹೇಳಿದ್ದರಂತೆ. ಒಬ್ಬರೇ ಹೋಗಲು ಧೈರ್ಯವಿಲ್ಲ, ಜೊತೆಗೆ ಬನ್ನಿ ಎಂದರು. ಅರ್ಧ ದಿನ ರಜೆ ಹಾಕಿ ಹೋದೆ.

ಅವಳು ಕಬ್ಬಿನ ಸಿಪ್ಪೆಯನ್ನು ಒಲೆಯ ಬಾಯಿಗೆ ನೂಕುತ್ತಿದ್ದಳು. ಅವರನ್ನು ನೋಡಿದ ಕೂಡಲೇ ಗುರುತು ಹಿಡಿದಳು, ಆದರೆ ಕೆಲಸ ನಿಲ್ಲಿಸಲಿಲ್ಲ. ಅವರು ಅವಳೆದುರು ನೆಲದ ಮೇಲೆಯೇ ಕೂತು, "ನಿನ್ ಗಂಡ ಕಳ್ಳ ಅಲ್ಲ ಕಣವ್ವ. ನಾನೇ ಅವನ್ನ ಕೆಲ್ಸಕ್ಕೆ ಕಳಿಸ್ದೋನು. ಪೊಲೀಸ್ರಿಗೆ ಯೋಳ್ದೆ, ಜಡ್ಜ್ ಮುಂದೂ ಯೋಳ್ದೆ" ಅಂದರು.

"ಕಳ್ಳ ಅಲ್ಲ ಅಂತ ನಂಗೆ ಗೊತ್ತಿತ್ತಲ್ಲ" ಅಂದಳು ಅವಳು. ಕೈಯಲ್ಲಿದ್ದ ಸಿಪ್ಪೆಯನ್ನು ಒಲೆಗೆ ನೂಕಿ ಕೇಳಿದಳು, "ಶೆಡ್ಡಲ್ಲಿ ಯೋಳಿದ್ರಾ?"

"ಏನು?"

"ಶೆಡ್ಡಲ್ಲಿ. ಅಲ್ಲಿರೋರು ನನ್ ಮಗೀನ ಮುಂದೆ ಉಗುದ್ರು. ನೀರಿನ ಕೊಡ ಒದ್ರು. ಪೊಲೀಸ್ರು ಜಡ್ಜು ಯಾರು ನಂಗೆ? ಅವ್ರಿಗೆ ಯೋಳಿದ್ರಾ?"

ಅವರು ಅಂಗೈಗಳನ್ನು ಉಜ್ಜಿಕೊಂಡರು. "ಅಲ್ಲೀಗ ಯಾರೂ ಇಲ್ಲ ಕಣವ್ವ. ಕ್ವಾರಿ ಮುಚ್ಚೋಯ್ತು. ಯಾರ್ಯಾರು ಎಲ್ಲೆಲ್ಲೋದ್ರೋ."

ಅವಳು ಅವರನ್ನು ನೋಡಿದಳು. ಬೈಯಲಿಲ್ಲ, ಅಳಲೂ ಇಲ್ಲ. "ಅಂಗಾದ್ರೆ ಓಗ್ಬನ್ನಿ" ಎಂದು ಮತ್ತೊಂದು ತೆಕ್ಕೆ ಸಿಪ್ಪೆ ಎತ್ತಿಕೊಂಡಳು. ವಾಪಸು ಹೊರಡುವ ಬಸ್ಸು ಬಂದು ನಿಂತರೂ ಅವರು ಹತ್ತದೆ ನಿಂತಿದ್ದರು. ನಾನೇ ತೋಳು ಹಿಡಿದು ಹತ್ತಿಸಿದೆ.

ಆಮೇಲೆ ಅವರು ಶ್ರೀರಂಗಪಟ್ಟಣದಲ್ಲಿ ಮರ ಕೊಯ್ಯುವ ಸಾಮಿಲ್ಲೊಂದರಲ್ಲಿ ಕಾವಲಿಗೆ ಸೇರಿದರು. ಸಾಮಿಲ್ಲಿನ ಸಾಹೇಬರು ಹಳೆಯ ಪರಿಚಯದವರು, ಮಿಲ್ಲಿನ ಹಿಂಭಾಗದಲ್ಲಿ ಒಂದು ಕೋಣೆ ಕೊಟ್ಟಿದ್ದರು. ರಜೆಯಲ್ಲಿ ನಾನು ಹೋಗಿ ನೋಡಿ ಬರುತ್ತಿದ್ದೆ. ಒಮ್ಮೆ, ಈಗಲಾದರೂ ಮನಸ್ಸಿಗೆ ಹಗುರವಾಗಿದೆಯೇ ಅಣ್ಣ ಎಂದು ಕೇಳಿದೆ. "ಸುಳ್ಳ್ಯಾಕೆ ಯೋಳ್ಲಿ ಟೀಚರಮ್ಮ, ದುಡ್ಡಿದ್ದಾಗ ಸಂದಾಗಿತ್ತು" ಅಂದರು. "ಜಿಲೇಬಿ ಅಂಗಡಿ ಮುಂದೆ ಓಗುವಾಗ ಈಗ್ಲೂ ಕಾಲು ನಿಂತ್ಕತವೆ."

ಚರ್ಚಿಗೆ ಬಂದ ಹೊಸ ಸ್ವಾಮಿಗಳು ಒಂದು ಭಾನುವಾರ ಸಂಪತ್ತಿನ ಬಗ್ಗೆ ಪ್ರಸಂಗ ಮಾಡುತ್ತ ಇವರತ್ತ ಕೈತೋರಿಸಿ, ನೀತಿಗಾಗಿ ಎಲ್ಲವನ್ನೂ ತೊರೆದ ಮನುಷ್ಯ ನಮ್ಮ ನಡುವೆಯೇ ಇದ್ದಾರೆ ಅಂದರಂತೆ. ಇವರು ಎದ್ದು ಹೊರಗೆ ಹೋಗಿ ಬಿಸಿಲಲ್ಲಿ ನಿಂತರು. ಪೂಜೆ ಮುಗಿದ ಮೇಲೆ ಸ್ವಾಮಿಗಳಿಗೆ ಹೇಳಿದರಂತೆ, "ನನ್ನ ತೋರಿಸ್ಬ್ಯಾಡಿ ಸ್ವಾಮಿ. ನಾನು ಏನೂ ಬುಟ್ಟಿಲ್ಲ. ನನ್ ಕೈಯಿಂದ ಕಿತ್ಕಂಡ್ರು. ಬುಟ್ಟೋನು ಮಾದೇಶ, ಅವ್ನು ಪ್ರಾಣ ಬುಟ್ಟ."

ಅಕ್ಕ ಅವರೊಂದಿಗೆ ಅದೇ ಕೋಣೆಯಲ್ಲಿದ್ದರು. ಅಡುಗೆ ಮಾಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಕೆಮ್ಮು ಬಂದರೆ ಬೆನ್ನು ನೀವುತ್ತಿದ್ದರು. ಆದರೆ ಗಂಡ ಠಾಣೆಗೆ ಹೋದ ದಿನದಿಂದ ಅವರೊಡನೆ ಮಾತು ಬಿಟ್ಟಿದ್ದರು. ಇಬ್ಬರ ನಡುವೆ ಮಾತು ನಡೆಯಬೇಕಾದರೆ ಮೂರನೆಯವರೊಬ್ಬರು ಬೇಕಾಗಿತ್ತು. "ಊಟಕ್ಕೆ ಏಳಕೆ ಯೋಳವ್ವ" ಎಂದು ಅಕ್ಕ ನನಗೆ ಹೇಳುವರು. "ಹಸಿವಿಲ್ಲ ಅಂತ ಯೋಳಿ ಟೀಚರಮ್ಮ" ಎಂದು ಅವರು ಅಲ್ಲೇ ಕೂತು ನನಗೆ ಹೇಳುವರು. ಕಳೆದುಹೋದ ಮನೆ, ಜೀಪು, ಆಳುಕಾಳು, ಇವುಗಳ ಕೊರಗಿನಿಂದ ಅಕ್ಕ ಹೀಗಾಗಿದ್ದಾರೆಂದೇ ನಾನು ತಿಳಿದಿದ್ದೆ. ಅಂತೋಣಿ ಅಷ್ಟರಲ್ಲಿ ನಾಗಮಂಗಲದ ಕಡೆ ಬೇರೆಯವರ ಜೊತೆ ಸೇರಿ ಕ್ರಷರ್ ಹಾಕಿದ್ದ. ಕಾರಿನಲ್ಲಿ ಓಡಾಡುತ್ತಾನೆಂದು ಸುದ್ದಿ ಬರುತ್ತಿತ್ತು. ಅವನು ಮಾತ್ರ ಒಮ್ಮೆಯೂ ಬರಲಿಲ್ಲ.

ಎದೆಯೊಳಗೆ ಕಲ್ಲಿನ ಧೂಳು ಕೂತಿದೆ, ಇನ್ನು ಮಾಡುವುದೇನಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ ಮೇಲೆ ನಾನು ನೋಡಲು ಹೋದೆ. ಬೇಸಿಗೆ ರಜೆಯ ಒಂದು ಬೆಳಿಗ್ಗೆ. ಹೊರಗೆ ಮರ ಕೊಯ್ಯುವ ಸದ್ದು. ಅವರು ಗೋಡೆಗೆ ಒರಗಿ ಕೂತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಕ್ಕ ಬಾಗಿಲ ಬಳಿ ನೆನೆಸಿದ ಒಣ ಅವರೆಕಾಳು ಹಿದುಕುತ್ತಿದ್ದರು.

"ಟೀಚರಮ್ಮ, ಅವಳ್ನ ಒಂದ್ ಮಾತು ಕೇಳಿ" ಅಂದರು. "ನಾನು ಅವತ್ತು ಟೇಷನ್‌ಗೆ ಓಗ್ಬಾರ್ದಿತ್ತಾ ಅಂತ ಕೇಳಿ."

ನಾನು ಅಕ್ಕನ ಕಡೆ ನೋಡಿದೆ. ಅವರ ಕೈ ನಿಂತಿತು.

"ಓಗ್ಬೇಕಿತ್ತು ಅಂತ ಯೋಳವ್ವ" ಅಂದರು ಅಕ್ಕ, ನನ್ನನ್ನೇ ನೋಡುತ್ತ. "ಮೊದಲ್ನೇ ದಿನಾನೇ ಓಗ್ಬೇಕಿತ್ತು. ಇನ್ಸ್‌ಪೆಕ್ಟ್ರು ಕೇಳಿದ್ರಲ್ಲ, ಆಗ್ಲೇ ಬಾಯ್ಬುಡ್ಬೇಕಿತ್ತು. ನನ್ ತಮ್ಮ ಆಡಿದ್ ಸುಳ್ಳು ಅಲ್ಲೇ ಸತ್ತೋಗದು. ಸಣ್ ಹುಡ್ಗ, ಭಯಕ್ಕೆ ಆಡ್ಬುಟ್ಟ ಅಂತ ಬೈದು ಬುಡೋರು. ಎಲ್ಡು ತಿಂಗ್ಳು ಅವ್ನ ಕೈಲಿ ಆ ಸುಳ್ಳು ಹೊರಿಸ್ಕಂಡು ಓಡಾಡ್ಸಿದ್ರು. ಇವ್ರೂ ಅದ್ರ ನೆರಳಲ್ಲೇ ಉಂಡ್ರು, ಮಲಿಕ್ಕಂಡ್ರು. ತಮ್ಗೆ ತಡಿಯಕಾಗ್ದಾಗ ಓಗಿ ಯೋಳ್ಬುಟ್ಟು ಅಗುರ ಆದ್ರು. ನನ್ ಮಗ ಅಂಗೇ ಕಲ್ಲಾಗೋದ. ಮನೆ ಓದ್ರೆ ಓಗ್ಲಿ, ನಾನು ಗುಡ್ಲಲ್ಲಿ ಹುಟ್ದೋಳು. ನಂಗೆ ಅದೊಂದೇ ಕಣವ್ವ."

ಅವರು ತಮ್ಮ ಎಂದು ಶುರುಮಾಡಿ ಮಗ ಎಂದು ಮುಗಿಸಿದ್ದು ಅವರಿಗೇ ಗೊತ್ತಾಗಿರಲಿಲ್ಲ.

ಯಜಮಾನರು ನನ್ನ ಮೂಲಕವಲ್ಲದೆ ನೇರವಾಗಿ ಹೆಂಡತಿಗೇ, "ದಿಟ ಕಣಮ್ಮಿ" ಅಂದರು. ಅಕ್ಕ ಉತ್ತರ ಕೊಡಲಿಲ್ಲ. ಎದ್ದು ಬಂದು, ಅವರ ಹಿಂದೆ ಜಾರಿದ್ದ ದಿಂಬನ್ನು ಸರಿಮಾಡಿ, ಮತ್ತೆ ಹೋಗಿ ಬಾಗಿಲಲ್ಲಿ ಕೂತರು.

ಅದೇ ವಾರ ಅವರು ತೀರಿಕೊಂಡರು. ಹುಟ್ಟೂರಿನ ಚರ್ಚಿನ ಹಿಂದೆ, ಕರಿಘಟ್ಟ ಕಾಣುವ ಸಮಾಧಿ ಜಾಗದಲ್ಲಿ ಮಣ್ಣು ಮಾಡಿದರು. ಸಾಮಿಲ್ಲಿನ ಸಾಹೇಬರು, ನಾನು, ಊರಿನ ಒಂದಿಷ್ಟು ಜನ ಇದ್ದೆವು. ಅಂತೋಣಿಗೆ ಹೇಳಿ ಕಳಿಸಿದ್ದರು. ಸ್ವಾಮಿಗಳು ಪ್ರಾರ್ಥನೆ ಮುಗಿಸಿ, ಮನೆಯವರಿಂದ ಮೊದಲಾಗಿ ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಲು ಸನ್ನೆ ಮಾಡಿದರೂ ಅಕ್ಕ ರಸ್ತೆಯ ಕಡೆಯೇ ನೋಡುತ್ತ ನಿಂತಿದ್ದರು. ಎಲ್ಲರೂ ಕಾದರು. ಒಂದು ಟ್ರಾಕ್ಟರು ಬಂದು ಹಾದುಹೋಯಿತು. ಮತ್ತೇನೂ ಬರಲಿಲ್ಲ.

ಅಕ್ಕ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಪೆಟ್ಟಿಗೆಯ ಮೇಲೆ ಹಾಕಿದರು. ಜನ ಮುಂದೆ ಬರಬೇಕೆನ್ನುವಷ್ಟರಲ್ಲಿ ಕೈ ಅಡ್ಡ ಹಿಡಿದು ತಡೆದರು. ಮತ್ತೆ ಬಗ್ಗಿ ಇನ್ನೊಂದು ಹಿಡಿ ತೆಗೆದುಕೊಂಡರು.

"ಇದು ಅಂತೋಣಿದು" ಎಂದು ನೇರವಾಗಿ ಗಂಡನಿಗೇ ಹೇಳಿ, ಮೆಲ್ಲಗೆ ಕೈಬಿಟ್ಟರು.